ಅರ್ಧ ಆಟದ ಚಾದರ

ಮಹಾರಾಷ್ಟ್ರದ ಗಡಿಯೂರು ಉದಗೀರದ ಕಿಲ್ಲೆಯ ಹಿಂದಿನ ಕರಿಮಣ್ಣಿನ ಬಯಲಿನಲ್ಲಿ ಪ್ರತಿ ಚಳಿಗಾಲ ಫುಟ್‌ಬಾಲ್ ಟೂರ್ನಮೆಂಟು ನಡೆಯುತ್ತಿತ್ತು. ನಡೆಸುತ್ತಿದ್ದದ್ದು ಬುರುಜು ಕ್ಲಬ್ಬು, ಕ್ಲಬ್ಬಿನ ಅಧ್ಯಕ್ಷ ಜಗದೇವಪ್ಪ. ಮೋಂಢಾದ, ಕಾಳಿನ ಪೇಟೆಯ, ಮಗ್ಗುಲಿಗೆ ಅವನದೊಂದು ಅರಿವೆ ಅಂಗಡಿ. ಪ್ರಾಯದಲ್ಲಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬ್ಯಾಕ್ ಆಡಿದವನು. ಚೆಂಡು ತರುವವನ ಮುಖ ನೋಡಿದರೆ ಮೋಸ ಹೋಗುತ್ತೀ, ಕಾಲು ನೋಡು ಎಂದು ಆಗ ಯಾರೋ ಹೇಳಿಕೊಟ್ಟಿದ್ದರು. ಅದನ್ನವನು ಅಂಗಡಿಯ ಕಟ್ಟೆಗೂ ತಂದಿದ್ದ. ಗಿರಾಕಿ ನಗುತ್ತ ಒಳಗೆ ಬಂದರೆ ಜಗದೇವಪ್ಪನ ಕಣ್ಣು ಮೊದಲು ಹೋಗುತ್ತಿದ್ದದ್ದು ಚಪ್ಪಲಿಯ ಮೇಲೆ.

ಸಂಶಯದ ಸ್ವಭಾವ ಮೊದಲಿನಿಂದ ಇದ್ದದ್ದೇ. ಅದು ಗಟ್ಟಿ ಬೇರು ಬಿಟ್ಟದ್ದು ಭೂಕಂಪದ ವರ್ಷ. ಕಿಲ್ಲಾರಿ ಕಡೆಯ ಹಳ್ಳಿಗಳಲ್ಲಿ ಇನ್ನೂ ಕಲ್ಲು ಮಣ್ಣು ತೆಗೆಯುತ್ತಿದ್ದ ದಿನಗಳಲ್ಲಿ, ಫೈನಲ್ ಮ್ಯಾಚಿಗೆ ನಾಲ್ಕು ಜನ ಬಿಳಿ ಟೋಪಿಯವರು ಮನೆ ಕಳಕೊಂಡವರಿಗೆಂದು ಬೀಗ ಹಾಕಿದ ಡಬ್ಬಿ ಹಿಡಿದು ಬಂದರು. ಜಗದೇವಪ್ಪನೇ ಮೈಕು ಹಿಡಿದು, ಕೈಬಿಚ್ಚಿ ಕೊಡಿರೆಂದು ಜನರನ್ನು ಕೇಳಿಕೊಂಡ. ಒಬ್ಬಾಕೆ ಕಿವಿಯ ಬೆಂಡೋಲೆ ಬಿಚ್ಚಿ ಹಾಕಿದಳು. ಆ ನಾಲ್ವರು ಯಾವ ಊರವರು, ಡಬ್ಬಿ ಎಲ್ಲಿಗೆ ಹೋಯಿತು ಎಂಬುದು ಕಡೆತನಕ ತಿಳಿಯಲಿಲ್ಲ. ಆಮೇಲೆ ಸಂತೆಯಲ್ಲಿ, ಗುಡಿಯಲ್ಲಿ, ಕೂತಲ್ಲಿ ನಿಂತಲ್ಲಿ, "ಸಾವ್ಕಾರ್ರ, ಆ ಡಬ್ಬಿ ಎಲ್ಲಿ ಅದರಿ?" ಎಂದು ಕೇಳುವವರು ಹುಟ್ಟಿಕೊಂಡರು. ಕೆಲವರು ನಗುತ್ತ ಕೇಳಿದರು. ನಗದೆ ಕೇಳಿದವರು, ಅದರಲ್ಲಿ ಅವನಿಗೂ ಪಾಲು ಮುಟ್ಟಿದೆ ಎಂದುಕೊಂಡವರು. ಅಂದಿನಿಂದ ಬುರುಜು ಕ್ಲಬ್ಬಿನ ಮೈದಾನದಲ್ಲಿ ಯಾರ ಹೆಸರಿನಲ್ಲೂ ವಸೂಲಿ ಇಲ್ಲ ಎಂದಾಯಿತು.

ಓಂಪ್ರಕಾಶ ಬಂದದ್ದು ಭೂಕಂಪ ಕಳೆದು ನಾಲ್ಕನೆಯ ಚಳಿಗಾಲದಲ್ಲಿ. ಪ್ರಾಯದ ಆಳು, ಎಡ ಭುಜ ಸ್ವಲ್ಪ ಕೆಳಗೆ ಇಳಿದಿತ್ತು. ಅಂಗಡಿಯ ಕೆಳಗೇ ನಿಂತು ಮಾತಾಡಿದ.

"ನಮ್ಮದು ಲೋಹಾರಾ ಬಾಜೂಕ ಕರವಂಡಿ ಅಂತರಿ. ಹಳಿ ಊರು ನೆಲಾ ಹಿಡೀತು. ಈಗ ಹೊಸ ಜಾಗಾದಾಗ ಮನಿ ಕೊಟ್ಟಾರ, ಸಾಲಿ ಕೊಟ್ಟಾರ, ಹಿಟ್ಟಿನ ಗಿರಣಿ ಒಂದು ಇಲ್ರಿ. ಜ್ವಾಳ ಬೀಸ್ಲಾಕ ಹೆಣ್ಮಕ್ಕಳು ಲೋಹಾರಾಕ್ಕ ನಡಕೋತ ಹೋಗ್ತಾರ. ಅದರಾಗ ನಡಾ ಮುರಕೊಂಡವರೇ ಭಾಳ. ನಿಮ್ಮ ಆಟದ ನಡಬರಕ ಒಂದು ಚಾದರ ಹಿಡಕೊಂಡು ಮೈದಾನ ಸುತ್ತತೀವ್ರಿ. ಪರವಾನಗಿ ಕೊಡ್ರಿ."

ಜಗದೇವಪ್ಪ ಅವನ ಕಾಲು ನೋಡಿದ. ಕಾಲಲ್ಲಿ ಹೊಸ ಬೂಟು, ಕಪ್ಪನೆಯದು, ಮೋಂಢಾದ ದಲ್ಲಾಳಿಗಳೂ ಹಾಕದಂಥದ್ದು. ಮನೆ ಕಳಕೊಂಡವನ ಕಾಲಿಗೆ ಇಂಥ ಬೂಟು ಎಲ್ಲಿಂದ ಬಂತು ಎಂದುಕೊಂಡ. "ಕಮಿಟಿಯವರನ್ನ ಕೇಳಿ ಹೇಳ್ತೀನಿ" ಎಂದಷ್ಟೇ ಅಂದ.

ಕಮಿಟಿಯಲ್ಲಿ ಆಟ ಕಲಿಸುವ ರೇವಣಸಿದ್ಧ ಮಾಸ್ತರನ ಮಾತಿಗೆ ತೂಕವಿತ್ತು. ಅವನು ಓಂಪ್ರಕಾಶನ ಪರವಾಗಿ ನಿಂತ. "ಇಡೀ ತಾಲೂಕದಾಗ ಇಷ್ಟು ಮಂದಿ ಒಂದೇ ಕಡಿ ಕೂಡೋದು ನಮ್ಮ ಮೈದಾನದಾಗೇ. ಗೋಲಿಗಿ ಒಂದೇ ಬಾಯಿಲೇ ಕೂಗ್ತಾರ. ಅಂಥಾ ಜಾಗಾದಾಗ ಕೇಳಬ್ಯಾಡ ಅಂದ್ರ ಅಂವಾ ಎಲ್ಲಿ ಕೇಳಬೇಕು?"

"ಅದಕ್ಕೇ ಬ್ಯಾಡ ಅಂತೀನಿ" ಎಂದ ಜಗದೇವಪ್ಪ. "ಮಂದಿ ಆಟ ನೋಡ್ಲಾಕ ಬಂದಿರ್ತಾರ. ಬಾಜೂದಾಂವ ಕೊಟ್ಟಾನ, ತಾ ಕೊಡಲಿಲ್ಲ ಅಂದ್ರ ನಾಚಿಕಿ ಅಂತ ಕೊಡ್ತಾರ. ಅದು ದಾನ ಅಲ್ಲ, ಜುಲುಮಿ. ಆಮ್ಯಾಲ ಏನರೆ ಹೆಚ್ಚು ಕಮ್ಮಿ ಆದ್ರ ಯಾರೂ ಅವನ ಹೆಸರು ಹೇಳಂಗಿಲ್ಲ, ನಮ್ಮ ಹೆಸರು ಹೇಳ್ತಾರ."

"ಒಮ್ಮಿ ಮೋಸ ಹೋದ್ವಿ ಅಂತ ಕಡೀತನಕ ಬಾಗ್ಲಾ ಹಾಕ್ಕೊಂಡು ಕುಂದ್ರೋದೇನು?"

ಉಳಿದವರು ಮಾಸ್ತರನ ಕಡೆ ವಾಲಿದರು. ಸೆಮಿಫೈನಲ್ಲಿಗೆ ಒಪ್ಪಿಗೆ ಸಿಕ್ಕಿತು. ಜಗದೇವಪ್ಪ ಮರುದಿನವೇ ಯಾರಿಗೂ ಹೇಳದೆ ನಿಲಂಗಾ ಬಸ್ಸು ಹತ್ತಿದ. ಅಲ್ಲಿಂದ ಕಾಸಾರಶಿರಸಿ ಹಾಯ್ದು ಉಮರಗಾ, ಉಮರಗಾದಿಂದ ಜೀಪಿನಲ್ಲಿ ನಿಂತುಕೊಂಡು ಲೋಹಾರಾ ಕಡೆ. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕರಿ ಟೋಪಿ, ಕೈಯಲ್ಲಿ ಚರ್ಮದ ಚೀಲ. ತೂಕದ ಮನುಷ್ಯನಂತೆ ಕಂಡರೆ ಜನ ಖರೇ ಹೇಳುತ್ತಾರೆ ಎಂಬುದು ಅವನ ಲೆಕ್ಕ.

ಹೊಸ ಕರವಂಡಿಯಲ್ಲಿ ಒಂದೇ ಅಚ್ಚಿನ ಮನೆಗಳು ಸಾಲಾಗಿ ಕೂತಿದ್ದವು. ಮರವಿಲ್ಲ, ನೆರಳಿಲ್ಲ. ಮೊದಲ ಸಾಲಿನ ಮನೆಯೊಂದರ ಕಟ್ಟೆಯ ಮೇಲೆ ಹಣೆಗೆ ವಿಭೂತಿ ಹಚ್ಚಿದ ಮುದುಕನೊಬ್ಬ ಕೂತು ಹಗ್ಗ ಹೊಸೆಯುತ್ತಿದ್ದ. ಜಗದೇವಪ್ಪ ಮರಾಠಿಯಲ್ಲೇ ಕೇಳಿದ. ಓಂಪ್ರಕಾಶ ಅನ್ನುವವನು ಈ ಊರವನೇ? ಯಾವ ಮನೆ? ಅವನ ಹೆಸರಿನಲ್ಲಿ ಎಷ್ಟು ಮನೆ ಇವೆ?

ಮುದುಕ ಹಗ್ಗದಿಂದ ಕಣ್ಣೆತ್ತಲಿಲ್ಲ. "ಕೋಣ್ ಓಂಪ್ರಕಾಶ?", ಯಾರು ಓಂಪ್ರಕಾಶ, ಎಂದ. ಅಂಥವನು ಯಾರೂ ಈ ಊರಲ್ಲಿಲ್ಲ ಎಂದು ಮರಾಠಿಯಲ್ಲೇ ಹೇಳಿ ಕೆಮ್ಮಿದ. ಆಚೆ ಮನೆಯ ಬಾಗಿಲಲ್ಲಿ ನಿಂತ ಹೆಂಗಸು ಇವರಿಬ್ಬರನ್ನೂ ನೋಡಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಇನ್ನೂ ಎರಡು ಕಡೆ ಕೇಳಿದ. ಅಲ್ಲಿಯೂ ಅದೇ ಉತ್ತರ.

ವಾಪಸು ಬರುವ ಬಸ್ಸಿನಲ್ಲಿ ಜಗದೇವಪ್ಪನಿಗೆ ಸಿಟ್ಟಿಗಿಂತ ಒಂದು ನಮೂನೆಯ ಸಮಾಧಾನವೇ ಹೆಚ್ಚಾಗಿತ್ತು. ತನ್ನ ಕಣ್ಣು ಸುಳ್ಳಾಗಲಿಲ್ಲವಲ್ಲ. ಮಾಸ್ತರನಿಗೆ ಮೊದಲೇ ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಎಲ್ಲರೂ ಕೂಡಿದಾಗ, ಆ ಡಬ್ಬಿಯ ಮಾತು ಎತ್ತುವವರೆಲ್ಲ ಎದುರಿಗಿದ್ದಾಗ ಹೇಳಬೇಕೆಂದು ಅವನ ಮನಸ್ಸು.

ಸೆಮಿಫೈನಲ್ಲಿನ ಅರ್ಧ ಆಟ ಮುಗಿಯಿತು. ಓಂಪ್ರಕಾಶನೂ ಕರವಂಡಿಯಿಂದ ಬಂದ ಮೂವರು ಹೆಂಗಸರೂ ಚಾದರದ ಒಂದೊಂದು ಮೂಲೆ ಹಿಡಿದು ಸುಣ್ಣದ ಗೆರೆಯ ಗುಂಟ ನಡೆಯತೊಡಗಿದರು. ನೀಲಿ ಹೂವಿನ ಹಳೆಯ ಚಾದರ. ಜನ ಎಸೆದ ಚಿಲ್ಲರೆ, ನೋಟು ನಡುವೆ ಬಿದ್ದು ಚಾದರ ಜೋತು ಬಿದ್ದಿತ್ತು. ಇನ್ನೊಂದು ಬದಿಗೆ ಮುಟ್ಟುವಷ್ಟರಲ್ಲಿ ಜಗದೇವಪ್ಪ ಮೈಕು ತೆಗೆದುಕೊಂಡ.

"ಈ ಮನಷ್ಯಾ ಕರವಂಡಿಯಾಂವ ಅಲ್ಲ. ನಾ ಖುದ್ದು ಹೋಗಿ ಕೇಳಿ ಬಂದೀನಿ. ಅಲ್ಲಿ ಇವನ ಗುರ್ತ ಒಬ್ಬರಿಗೂ ಇಲ್ಲ. ಕೊಟ್ಟಾವ್ರು ತಮ್ಮದು ತಾವು ನೋಡ್ಕೋರಿ. ಕ್ಲಬ್ಬಿಗಿ ಸಂಬಂಧ ಇಲ್ಲ."

ಮೊದಲು ಯಾರೂ ಅಲುಗಲಿಲ್ಲ. ಆಮೇಲೊಬ್ಬ ಎದ್ದು ಬಂದು ಚಾದರಕ್ಕೆ ಕೈ ಹಾಕಿ ತನ್ನ ನೋಟು ತೆಗೆದುಕೊಂಡ. ಅವನ ಹಿಂದೆ ಇನ್ನೊಬ್ಬ. ನೋಡನೋಡುತ್ತ ಗುಂಪು ಮುತ್ತಿತು. ಕೊಟ್ಟವರ ಕೈಗಳ ಜೊತೆ ಏನೂ ಕೊಡದವರ ಕೈಗಳೂ ಒಳಗೆ ಹೋಗಿ ಮುಷ್ಟಿ ಕಟ್ಟಿಕೊಂಡು ಹೊರಗೆ ಬಂದವು. ಜಗದೇವಪ್ಪ ಮೈಕಿನಲ್ಲಿ "ಶಾಂತ ಆಗ್ರಿ, ದೂರ ಸರೀರಿ" ಎಂದು ಕೂಗಿದ್ದು ಯಾರಿಗೂ ಬೇಕಾಗಲಿಲ್ಲ. ಹೆಂಗಸರಲ್ಲಿ ಹಿರಿಯಳು ಅಂಬುಬಾಯಿ, ನಡ ಬಾಗಿತ್ತು. ಅವಳು ತನ್ನ ಮೂಲೆಯನ್ನು ಕೈಬಿಟ್ಟು ಪಕ್ಕಕ್ಕೆ ಸರಿದು ನಿಂತಳು. ಚಾದರ ಎರಡು ತುಂಡಾಗಿ ಹರಿಯಿತು.

ಗುಂಪು ಚೆದುರಿದ ಮೇಲೆ ಓಂಪ್ರಕಾಶ ನಿಧಾನವಾಗಿ ಜಗದೇವಪ್ಪನ ಹತ್ತಿರ ಬಂದ. ಬೈಯುತ್ತಾನೆಂದು ಎಲ್ಲರೂ ಕಾದರು. ಅವನು ಬೈಯಲಿಲ್ಲ.

"ಯಾರನ್ನ ಕೇಳಿದ್ರಿ ಸಾವ್ಕಾರ್ರ?"

"ಮೊದಲನೇ ಸಾಲಿನಾಗ ಹಗ್ಗ ಹೊಸೀಲಾಕ ಕುಂತ ಮುದುಕನ್ನ."

"ಅಂವಾ ನಮ್ಮಪ್ಪರಿ" ಎಂದ ಓಂಪ್ರಕಾಶ. ಹರಿದ ಚಾದರ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು, ಹೆಂಗಸರನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದ.

ಜಗದೇವಪ್ಪನಿಗೆ ಅದೂ ಹುಸಿ ಎನಿಸಿತು. ಹೆತ್ತ ತಂದೆ ಮಗನನ್ನು ಗುರುತಿಲ್ಲ ಅನ್ನುತ್ತಾನೆಯೇ? ಮನೆಗೆ ಬಂದು ಹೆಂಡತಿ ಮಾಣಿಕಬಾಯಿಗೆ ಎಲ್ಲ ಹೇಳಿ ಅದನ್ನೇ ಕೇಳಿದ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಅನ್ಲಾಕ ಕಾರಣ ಇದ್ರ ಅಂತಾನ. ನೀವು ಏನ್ ಕೇಳಿದ್ರಿ ಮದಲ?"

ಜಗದೇವಪ್ಪ ಹೇಳಿದ. ಎಷ್ಟು ಮನೆ ಇವೆ ಎಂದು ಕೇಳಿದ ಮಾತಿಗೆ ಬಂದಾಗ ಮಾಣಿಕಬಾಯಿ ತಲೆಯೆತ್ತಿ ಅವನನ್ನು ನೋಡಿದಳು. ಮತ್ತೆ ತಗ್ಗಿಸಿ ರೊಟ್ಟಿ ತಿರುವಿ ಹಾಕಿದಳು.

"ಇನ್ನೊಮ್ಮಿ ಹೋಗಿ ಬರ್ರಿ" ಎಂದಳು. "ಈ ಸಲ ಮಾಸ್ತರನ್ನ ಕರ್ಕೊಂಡು ಹೋಗ್ರಿ."

ರೇವಣಸಿದ್ಧನೊಡನೆ ಮತ್ತೆ ಕರವಂಡಿಗೆ ಹೋದ. ಅದೇ ಕಟ್ಟೆ, ಅದೇ ಮುದುಕ. ಈ ಸಲ ಜಗದೇವಪ್ಪ ಟೋಪಿ ತೆಗೆದು, ಕೆಳಗೆ ನಿಂತು, "ಶರಣರಿ" ಎಂದು ಕನ್ನಡದಲ್ಲಿ ಮಾತು ತೆಗೆದ. ಮುದುಕ ಹಗ್ಗ ಬದಿಗಿಟ್ಟ. ಹೆಸರು ಕಾಶೆಪ್ಪ ಅಂದ.

"ಓಂಪ್ರಕಾಶ ನಿಮ್ಮ ಮಗಾ ಹೌದೋ ಅಲ್ಲೋ?"

"ಹೌದು."

"ಹಂಗಾದ್ರ ಅವತ್ತು ಯಾಕ ಇಲ್ಲ ಅಂದ್ರಿ?"

"ನೀವು ಅಂಥಾ ಟೋಪಿ ಹಾಕ್ಕೊಂಡು, ಚೀಲ ಹಿಡಕೊಂಡು, ಸರಕಾರಿ ಮಾತಿನಾಗ, ಮರಾಠಿಲೇ, ಎಷ್ಟು ಮನಿ ಅವ ಅಂತ ಕೇಳಿದ್ರಿ. ನನ್ನ ಎರಡೂ ಮಕ್ಕಳು ಬ್ಯಾರಿ ಬ್ಯಾರಿ ಒಲಿ ಹೂಡ್ಯಾರ. ಎರಡು ಮನಿ ಸಿಕ್ಕಾವ. ಒಂದು ಕಸಗೋತೀವಿ ಅಂತ ತಪಾಸ ಮಾಡೋ ಸರಕಾರದ ಚೌಕಶಿಯಾವ್ರು ತಿಂಗಳಾ ಬರ್ತಾರ. ಓಣಿ ಮಂದಿ ಎಲ್ಲಾ ಮಾತಾಡ್ಕೊಂಡೀವಿ. ಯಾರು ಬಂದು ಯಾರ ಹೆಸರು ಕೇಳಿದ್ರೂ ಗೊತ್ತಿಲ್ಲ ಅನ್ನೋದು." ಮುದುಕ ಮತ್ತೆ ಅಂದ, "ನನ್ನ ಮಗನ ಹೆಸರು ನಾನೇ ಇಲ್ಲ ಅಂತ ಹೇಳೋದು ನನಗೇನ್ ಹಿತಾ ಆಗಿತ್ತೇನ್ರಿ. ಒಂದು ಮಗಳು, ಒಬ್ಬಾಕಿ ಸೊಸಿ ಹಳಿ ಮನ್ಯಾಗ ಹೋದ್ರು. ಉಳದದ್ದು ಹೋಗಬಾರ್ದು ಅಂತ ಅಂದೆ."

ಮೊದಲ ಸಲ ಜಗದೇವಪ್ಪ ನೋಡಿರಲಿಲ್ಲ, ಮುದುಕನ ಕಾಲಲ್ಲೂ ಓಂಪ್ರಕಾಶನದರಂಥದ್ದೇ ಕಪ್ಪು ಬೂಟು ಇತ್ತು, ಹಿಮ್ಮಡಿಗೆ ದೊಡ್ಡದಾಗಿ ಸಡಿಲವಾಗಿ. ಓಣಿಯಲ್ಲಿ ಹೋಗುವ ಬರುವ ಗಂಡಸರ ಕಾಲಲ್ಲೆಲ್ಲ ಅದೇ. ಯಾವುದೋ ಕಂಪನಿಯವರು ಲಾರಿ ತುಂಬ ತಂದು ಹಂಚಿದ್ದಂತೆ. ಜಗದೇವಪ್ಪ ಅದನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದ. ಕಟ್ಟೆಯ ಕಲ್ಲು ಬಿಸಿಲಿಗೆ ಕಾದಿತ್ತು. ಅವನು ಅದರ ಮೇಲೆಯೇ ಕುಳಿತ.

ಓಂಪ್ರಕಾಶ ಹೊಲದಿಂದ ಬಂದ. ಜಗದೇವಪ್ಪ ತಪ್ಪಾಯಿತು ಎಂದ. ಹಾಗೆ ಹೇಳಿ ರೂಢಿಯಿರದ ಬಾಯಿ, ಮಾತು ತೊದಲಿತು. ಫೈನಲ್ಲಿಗೆ ಮತ್ತೆ ಬರಬೇಕು, ಮೈಕಿನಲ್ಲಿ ತಾನೇ ಹೇಳುತ್ತೇನೆ ಎಂದ.

"ನೀವು ಹೇಳ್ರಿ" ಎಂದ ಓಂಪ್ರಕಾಶ. "ನಾ ಬರಂಗಿಲ್ಲ. ಅಂಬುಬಾಯಿನೂ ಬರಂಗಿಲ್ಲ. ನಮ್ಮ ಮೈಮ್ಯಾಲೆ ಬಂದ ಕೈಗೋಳು ನೋಡೀವಿ, ಸಾಕು."

ಹೀಗಾಗಿ ಫೈನಲ್ಲಿನ ದಿನ ಚಾದರ ಹಿಡಿದವರು ಕ್ಲಬ್ಬಿನವರೇ: ಒಂದು ಮೂಲೆ ರೇವಣಸಿದ್ಧ, ಎರಡು ಮೂಲೆ ಸೆಮಿಫೈನಲ್ಲಿನಲ್ಲಿ ಸೋತ ಕ್ಲಬ್ಬಿನ ತಂಡದ ಹುಡುಗರು, ನಾಲ್ಕನೆಯದು ಜಗದೇವಪ್ಪ. ಅದಕ್ಕೂ ಮೊದಲು ಮೈಕಿನಲ್ಲಿ ನಡೆದದ್ದನ್ನೆಲ್ಲ ಇದ್ದಂತೆ ಹೇಳಿದ. ಜನ ಗದ್ದಲ ಮಾಡದೆ ಕೇಳಿದರು, ಆದರೆ ಮುಖಗಳು ಸಡಿಲಾಗಲಿಲ್ಲ. ಕಿಲ್ಲೆಯ ಬದಿಗೆ ಬಂದಾಗ ಮೋಂಢಾದ ಹಮಾಲನೊಬ್ಬ ನೋಟನ್ನು ಬೆರಳಲ್ಲಿ ಹಿಡಿದುಕೊಂಡೇ ಕೇಳಿದ, "ಈ ಸಲ ಖರೇ ಮುಟ್ತದೇನ್ರಿ ಸಾವ್ಕಾರ್ರ?"

"ಮುಟ್ತದ."

"ಡಬ್ಬಿ ಬಂದಾಗೂ ನೀವೇ ಅಂದಿದ್ರಿ. ಮೊನ್ನಿ ಅಂವಾ ಕಳ್ಳ ಅಂತನೂ ನೀವೇ ಅಂದ್ರಿ."

ಹಮಾಲ ನೋಟು ಕಿಸೆಗೆ ಹಾಕಿಕೊಂಡ. ಚಾದರ ಮುಂದೆ ಹೋಯಿತು. ಒಂದು ಸುತ್ತು ಮುಗಿಯಿತು. ಬಿದ್ದದ್ದು ಕಡಿಮೆಯೇ. ಗಿರಣಿಗೆ ಕಡಿಮೆ ಬಿದ್ದ ರೊಕ್ಕವನ್ನು ಜಗದೇವಪ್ಪ ಅಂಗಡಿಯಿಂದ ಹಾಕಿದ, ಮಾಸ್ತರನಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಜನ ಒಂದು ಅರ್ಥ ಕಟ್ಟುತ್ತಿದ್ದರು.

ಮುಂದಿನ ಕಮಿಟಿಯಲ್ಲಿ ಮೈದಾನದ ವಸೂಲಿಯ ಮಾತು ಮತ್ತೆ ಬಂತು. ವರ್ಷಕ್ಕೆ ಒಂದು ಸಲ ಬಿಡೋಣ, ಕ್ಲಬ್ಬಿನ ಇಬ್ಬರು ಮೊದಲು ಹೋಗಿ ನೋಡಿ ಬರಲಿ ಎಂದು ಠರಾವಾಯಿತು. "ಒಬ್ಬರೇ ಹೋಗಬಾರ್ದು" ಎಂದು ಸೇರಿಸಿದವನು ಜಗದೇವಪ್ಪ.

ಮಳೆಗಾಲ ಹಿಡಿಯುವಷ್ಟರಲ್ಲಿ ಕರವಂಡಿಯಲ್ಲಿ ಗಿರಣಿ ಕೂತಿತು. ಜಗದೇವಪ್ಪ ನೋಡಲು ಹೋದ. ಗಿರಣಿ ಇದ್ದದ್ದು ಓಂಪ್ರಕಾಶನ ತಮ್ಮನ ಹೆಸರಿನ ಎರಡನೆಯ ಮನೆಯಲ್ಲಿ, ಪಡಸಾಲೆಯಲ್ಲೇ. ಪಟ್ಟಾ ತಿರುಗುತ್ತಿತ್ತು. ಬಾಗಿಲಲ್ಲಿ ಒಂದು ಡಬ್ಬಿ ಇಟ್ಟಿದ್ದರು, ಬೀಸಿಸಿಕೊಂಡ ಹೆಂಗಸರು ಅದಕ್ಕೆ ಚಿಲ್ಲರೆ ಹಾಕಿ ಹೋಗುತ್ತಿದ್ದರು. ಊರಿನ ಹೆಸರಿನ ಗಿರಣಿ, ಇವರ ಮನೆಯಲ್ಲಿ, ಇವರ ಡಬ್ಬಿ. ಜಗದೇವಪ್ಪನ ಹಳೆಯ ಸಂಶಯ ಮತ್ತೆ ಮಗ್ಗುಲು ಬದಲಿಸಿತು. ಬೇಡವೆಂದರೂ ನಿಲ್ಲಲಿಲ್ಲ.

ಅಂಬುಬಾಯಿ ಹಿಟ್ಟಿನ ಬುಟ್ಟಿ ಹೊತ್ತು ಹೊರಗೆ ಬಂದಳು.

"ನಿನಗೂ ರೊಕ್ಕ ತಗೋತಾರೇನವ್ವ?" ಎಂದು ಸಣ್ಣ ದನಿಯಲ್ಲಿ ಕೇಳಿದ.

"ನನಗ ತಗೊಳಂಗಿಲ್ಲ. ಗಂಡ ಇಲ್ಲದವರಿಗಿ ಮಾಫಿ. ಉಳದಾವ್ರು ಕರಂಟಿಂದು ಕೊಡ್ತಾರ." ಅವಳು ಬುಟ್ಟಿ ಕೆಳಗಿಳಿಸಿ ನಡದ ಮೇಲೆ ಕೈಯಿಟ್ಟುಕೊಂಡು ಅವನನ್ನೇ ನೋಡಿದಳು. "ನಾ ಒಂದು ಕೇಳ್ಲೇನ್ರಿ? ನೀವು ಎರಡನೇ ಸಲ ಚಾದರ ತಿರುಗಿಸಿದ್ರಂತ. ಅದರಾಗ ಬಿದ್ದದ್ದು ಎಲ್ಲಾ ಇಲ್ಲಿಗಿ ಬಂತೇನ್ರಿ?"

"ಎಲ್ಲಾ ಬಂತು. ಮ್ಯಾಲ ನಂದೂ ಹಾಕೀನಿ."

ಅಂಬುಬಾಯಿ ಬುಟ್ಟಿ ಎತ್ತಿ ಟೊಂಕಕ್ಕಿಟ್ಟುಕೊಂಡು ಓಣಿಯ ಆಚೆ ಬದಿಗೆ ನಡೆದಳು. ಒಳಗಿನಿಂದ ಕಾಶೆಪ್ಪ ಚಹಾಕ್ಕೆ ಕರೆದ. ಜಗದೇವಪ್ಪ ಚಪ್ಪಲಿ ಬಿಟ್ಟು ಹಿಟ್ಟಿನ ಧೂಳಿನಲ್ಲಿ ಒಳಗೆ ಹೋಗಿ, ಕಾಶೆಪ್ಪ, ಓಂಪ್ರಕಾಶ ಇಬ್ಬರ ನಡುವೆ ಕುಳಿತು ಬಟ್ಟಲು ಕೈಗೆ ತೆಗೆದುಕೊಂಡ.