ಗೋಡೆಯಾಚೆ ಸುರಿದ ಎಲೆ

ಬೆಳಗ್ಗೆ ಎದ್ದು ಏನನ್ನು ನೋಡುತ್ತೇವೆ ಅನ್ನುವುದು ಅವರವರು ಪಡೆದುಕೊಂಡು ಬಂದದ್ದು. ಅಕ್ಕಯಮ್ಮ ಪಡೆದುಕೊಂಡು ಬಂದದ್ದು ಬೈರಮ್ಮನ ಹೊಂಗೆಮರದ ಕಸ. ಮರ ಇದ್ದದ್ದು ಮೋಟುಗೋಡೆಯ ಆ ಕಡೆ, ಬೈರಮ್ಮನ ಹಿತ್ತಿಲಲ್ಲಿ. ಅರ್ಧ ಕೊಂಬೆಗಳು ಮಾತ್ರ ಈ ಕಡೆ ಚಾಚಿಕೊಂಡಿದ್ದವು. ಬೇಸಿಗೆಯ ನೆರಳು ಎರಡು ಮನೆಗೂ ಸಿಗುತ್ತಿತ್ತು, ಅದನ್ನು ಅಕ್ಕಯಮ್ಮ ಯಾವತ್ತೂ ಬಾಯಲ್ಲಿ ಆಡಿದವಳಲ್ಲ. ಚಳಿಗಾಲದಲ್ಲಿ ಎಲೆ ಉದುರಲು ಶುರುವಾಯಿತೋ, ಅವಳಿಗೆ ಮೈಯೆಲ್ಲ ಉರಿ.

ಬರೀ ಎಲೆಯಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಅದರ ಜೊತೆ ಏನೇನು ಬೀಳುತ್ತಿತ್ತು ಅಂತೀರಿ! ಬೈರಮ್ಮನ ಕೋಳಿಗಳು ಸಂಜೆಯಾದರೆ ಆ ಕೊಂಬೆಗಳನ್ನೇ ಹತ್ತಿ ಕೂರುತ್ತಿದ್ದವು. ಬೆಳಗಾಗುವ ಹೊತ್ತಿಗೆ ಇಬ್ಬನಿಯಲ್ಲಿ ನೆಂದ ಎಲೆಗೆ ಕೋಳಿಯ ಹೇಲು ಅಂಟಿ, ಪುಕ್ಕ ಅಂಟಿ, ಸಾರಿಸಿದ ಅಂಗಳಕ್ಕೆ ಮೆತ್ತಿಕೊಂಡಿರುತ್ತಿತ್ತು. ಪೊರಕೆಯಲ್ಲಿ ಎಳೆದರೆ ಅಂಗಳದುದ್ದಕ್ಕೂ ಲೋಳೆ. ಸಾಲದ್ದಕ್ಕೆ ಬೈರಮ್ಮನ ಎಲೆಯಡಿಕೆ, ಹೊಗೆಸೊಪ್ಪು. ಆ ಮುದುಕಿ ದವಡೆ ತುಂಬ ಅಗಿದುಕೊಂಡು, ಎಲ್ಲಿ ನಿಂತಿದ್ದರೆ ಅಲ್ಲೇ ಪಿಚಕ್ಕನೆ ಉಗಿಯುವಳು. ಗೋಡೆಯ ಮೇಲೆ ಆ ಕೆಂಪು ಇಳಿದು ಇಳಿದು ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಕಂಡಾಗಲೆಲ್ಲ ಅಕ್ಕಯಮ್ಮ ಸೆರಗನ್ನು ಮೂಗಿಗೆ ಹಿಡಿಯುವಳು.

"ಥೂ! ಮನುಷ್ಯರ ಜಲ್ಮವಾ ಇದು?" ಎಂದು ಗೊಣಗುತ್ತಲೇ ಗುಡಿಸುವಳು. ಗುಡಿಸಿದ್ದನ್ನು ಮಂಕರಿಗೆ ತುಂಬುವಳು. ಮಂಕರಿಯನ್ನು ಗೋಡೆಯ ಮೇಲೆ ಇಟ್ಟು, ಆ ಕಡೆ ಮಗುಚುವಳು. "ನಿಮ್ಮ ಮರದ್ದು ನಿಮಗೇ!" ಎಂದು ಗಟ್ಟಿಯಾಗಿ, ನಾಲ್ಕು ಮನೆಗೆ ಕೇಳುವ ಹಾಗೆ ಹೇಳುವಳು.

ಬೈರಮ್ಮ ಅದಕ್ಕೆ ಒಂದು ದಿನವೂ ಎದುರು ಮಾತಾಡಲಿಲ್ಲ. ಮುಳಬಾಗಿಲ ಕಡೆಯ ದೇವರಾಯಸಮುದ್ರದಿಂದ ಸೊಸೆಯಾಗಿ ಬಂದವಳು, ಗಂಡ ತೀರಿಕೊಂಡು ಒಬ್ಬಳೇ ಇದ್ದಳು. ಸುರಿದ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಏನೋ ಬಂಗಾರ ಬಿದ್ದಿದೆ ಅನ್ನುವ ಹಾಗೆ ಕೈಯಲ್ಲಿ ಕೆದಕಿ ಕೆದಕಿ ನೋಡಿ, ಆಮೇಲೆ ಎತ್ತಿ ತಿಪ್ಪೆಗೆ ಹಾಕುತ್ತಿದ್ದಳು. "ಏಮಮ್ಮಾ, ಊಟ ಆಯ್ತಾ?" ಎಂದು ಕೇಳುವುದು ಬೇರೆ. ಎಮ್ಮೆಯ ಮೇಲೆ ಮಳೆ ಹೊಯ್ದ ಹಾಗೆ. ಮಾನ ಮರ್ಯಾದೆ ಇದ್ದವರಾದರೆ ಜಗಳಕ್ಕಾದರೂ ಬರಬೇಡವೇ?

ಅಕ್ಕಯಮ್ಮನ ಈ ಶುಚಿಯ ಹುಚ್ಚಿಗೆ ಒಂದು ಕಾರಣವೂ ಇತ್ತು. ಅವಳು ಹುಳ ಸಾಕುವವಳು. ಹುತ್ತೂರಿನ ಆಸುಪಾಸಿನ ಆ ಊರಿನಲ್ಲಿ ರೇಷ್ಮೆಹುಳ ಸಾಕುವ ಮನೆಗಳು ಬೇಕಾದಷ್ಟಿದ್ದವು, ಆದರೆ ಅಕ್ಕಯಮ್ಮನಷ್ಟು ಮಡಿಯಲ್ಲಿ ಸಾಕುವವರು ಇರಲಿಲ್ಲ. ಹುಳದ ಕೋಣೆಗೆ ಕಾಲು ತೊಳೆಯದೆ ಗಂಡನೂ ಕಾಲಿಡುವ ಹಾಗಿಲ್ಲ. ಹೊಗೆಸೊಪ್ಪಿನ ವಾಸನೆ ಸುಳಿಯುವ ಹಾಗಿಲ್ಲ. ಹೊರಗಿನವರ ಕಣ್ಣಂತೂ ಬೀಳಲೇ ಕೂಡದು. ಇನ್ನೊಂದು ಕಟ್ಟುಪಾಡನ್ನು ಮಾಸ್ತಿಯಲ್ಲಿದ್ದ ಅವಳ ತಾಯಿ ಕಲಿಸಿ ಕಳಿಸಿದ್ದಳು. ಹುಳ ಕೆಟ್ಟರೆ ಬಾಯಿ ಬಿಟ್ಟು ಅನ್ನಬಾರದು. ಅಂದರೆ ಉಳಿದ ಹುಳಕ್ಕೆ ಕೇಳಿಸುತ್ತದೆ, ಅವೂ ಹಿಂದೆಯೇ ಹೊರಡುತ್ತವೆ. ಆ ಸೀಮೆಯ ಹೆಂಗಸರೆಲ್ಲ ನಂಬಿದ ಮಾತು ಅದು.

ಹುಳಕ್ಕೆ ಹಾಕುವ ಸೊಪ್ಪು ಬರುತ್ತಿದ್ದದ್ದು ಮನೆಯ ಹಿಂದಿನ ಅರ್ಧ ಎಕರೆ ಹಿಪ್ಪುನೇರಳೆ ತೋಟದಿಂದ. ಅದರ ಕಡ್ಡಿಗಳನ್ನು ಮದುವೆಯಾಗಿ ಬರುವಾಗ ಅಕ್ಕಯಮ್ಮ ತವರಿನಿಂದ ಗಾಡಿಯಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದಳು. ಮಕ್ಕಳಾಗಲಿಲ್ಲ, ಕಡ್ಡಿ ಚಿಗುರಿತು. ಇಡೀ ಮನೆಯಲ್ಲಿ ಅವಳ ಮಾತು ನಡೆಯುವ ಜಾಗ ಅಂದರೆ ಅದೊಂದೇ. ಆ ತೋಟಕ್ಕೆ ಈಗ ಕುತ್ತು ಬಂದಿತ್ತು. ಯುದ್ಧದ ಕಾಲ, ದುಡ್ಡು ಕೊಟ್ಟರೂ ರಾಗಿ ಸಿಗದ ಕಾಲ. ಮಾರ್ಗಶಿರದಲ್ಲಿ ಒಂದು ಬೆಳೆ ಹುಳ ಪೂರ್ತಿ ಸತ್ತುಹೋದಾಗ ಅವಳ ಗಂಡ ಮುನಿಕೃಷ್ಣಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ:

"ಇನ್ನೊಂದು ಬೆಳೆ ನೋಡ್ತೀನಿ ಕಣೇ. ಅದೂ ಹೋಯ್ತೋ, ಆ ಕಡ್ಡಿನೆಲ್ಲ ಬುಡಸಮೇತ ಕಿತ್ತು ರಾಗಿ ಹಾಕ್ತೀನಿ. ಹುಳಕ್ಕೆ ಒಗ್ಗದ ಮಣ್ಣು ಅದು."

ಆ ಇನ್ನೊಂದು ಬೆಳೆ ಈಗ ಹುಳ ಸಾಕುವ ಬಿದಿರ ತಟ್ಟೆಗಳಲ್ಲಿತ್ತು. ಹುಳಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವ ಮುನ್ನ ಹುಳ ಮೇವು ಬಿಟ್ಟು ಮಲಗುವುದನ್ನೇ ಅಲ್ಲಿ ಜ್ವರ ಅನ್ನುವುದು. ಇನ್ನು ಆರೇಳು ದಿನ ಸೊಪ್ಪು ತಿಂದರೆ ಹಣ್ಣಾಗಿ ಗೂಡು ಕಟ್ಟುತ್ತಿದ್ದವು. ರಾತ್ರಿ ಹಗಲು ಸರಸರ ಸೊಪ್ಪು ಮೇಯುವ ಸದ್ದು ಕೇಳುತ್ತಾ ಅಕ್ಕಯಮ್ಮ ಮನೆದೇವರಿಗೆ ಹರಕೆ ಹೊತ್ತುಕೊಂಡಿದ್ದಳು.

ಜ್ವರದಿಂದ ಎದ್ದ ಎರಡನೇ ದಿನ ಒಂದು ತಟ್ಟೆಯ ಅಂಚಿನಲ್ಲಿ ಮೂರು ಹುಳ ಕಂಡವು. ಹಳದಿಗಟ್ಟಿ ಊದಿಕೊಂಡು, ಮೇವು ಬಿಟ್ಟು, ಹುಚ್ಚು ಹಿಡಿದ ಹಾಗೆ ಅಂಚಿನ ಸುತ್ತ ಹರಿದಾಡುತ್ತಿದ್ದವು. ಒಂದನ್ನು ಎತ್ತಲು ಹೋದಳು. ಚರ್ಮ ಒಡೆದು ಹಾಲಿನಂಥ ಕೀವು ಬೆರಳ ಮೇಲೆಲ್ಲ ಇಳಿಯಿತು. ಅಯ್ಯಪ್ಪಾ, ಆ ನಾತ! ಮಾರ್ಗಶಿರದಲ್ಲಿ ಬಂದದ್ದೂ ಇದೇ.

ಆಗ ಏನು ಮಾಡಿದ್ದಳೋ ಈಗಲೂ ಅದನ್ನೇ ಮಾಡಿದಳು. ಸತ್ತ ಹುಳವನ್ನು ಸ್ವಂತ ತಿಪ್ಪೆಗೆ ಹಾಕುವ ಹಾಗಿಲ್ಲ, ಅದು ಬೀದಿಯ ಪಕ್ಕದಲ್ಲೇ ಇದೆ. ಹೋಗುವವರು ಬರುವವರು ಕಂಡರೆ ಗಂಡನ ಕಿವಿಗೆ ಬೀಳುತ್ತದೆ. ಮುಖ ಆ ಕಡೆ ತಿರುಗಿಸಿಕೊಂಡು ಹುಳಗಳನ್ನು ಹೊಂಗೆ ಎಲೆಯ ಮಂಕರಿಯ ತಳಕ್ಕೆ ತುರುಕಿದಳು. ಮೇಲೆ ಎಲೆ ತುಂಬಿದಳು. ಗೋಡೆಯಾಚೆ ಮಗುಚಿದಳು. "ನಿಮ್ಮ ಮರದ್ದು ನಿಮಗೇ!" ಅಂದದ್ದು ಅವತ್ತು ಇನ್ನೂ ಸ್ವಲ್ಪ ಜೋರಾಗಿಯೇ. ಆ ಗಲೀಜಿನಲ್ಲಿ ಇದೊಂದು ಗಲೀಜು ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಕೈಗೆ ಮೂರು ಸಲ ಬೂದಿ ಹಾಕಿ ಉಜ್ಜಿಕೊಂಡಳು.

ಮಾರನೇ ದಿನ ಮೂವತ್ತು. ಅದರ ಮಾರನೇ ದಿನ ಒಂದು ಮೊರದ ತುಂಬ. ಐದನೇ ದಿನ ಲೆಕ್ಕ ಹಾಕುವುದನ್ನೇ ಬಿಟ್ಟಳು. ಕೋಣೆಯ ಬಾಗಿಲು ತೆಗೆದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕಾಯಿತು. ಇನ್ನು ಮುಚ್ಚಿಡುವುದು ಹೇಗೆ? ಮುನಿಕೃಷ್ಣಪ್ಪ ಒಳಗೆ ಬಂದು ಒಂದು ಸಲ ನೋಡಿದ. ಸೂರಿನಿಂದ ಗುದ್ದಲಿ ತೆಗೆದುಕೊಂಡು ಹಿತ್ತಿಲ ಕಡೆ ಹೊರಟ.

ಅಕ್ಕಯಮ್ಮನಿಗೆ ತಲೆ ಕೆಟ್ಟುಹೋಯಿತು. ಗಂಡನನ್ನು ತಡೆಯುವ ಶಕ್ತಿ ಇಲ್ಲ. ಕೋಪವನ್ನು ಎಲ್ಲಾದರೂ ಇಳಿಸಬೇಕಲ್ಲ! ಗೋಡೆಯ ಹತ್ತಿರ ಓಡಿದಳು.

"ಬೈರಮ್ಮಾ! ಲೇ ಬೈರಮ್ಮಾ! ನಿನ್ನ ಕೋಳಿ ಹೇಲು, ನಿನ್ನ ಹೊಗೆಸೊಪ್ಪಿನ ಎಂಜಲು, ನಿನ್ನ ಕೊಳೆತ ಎಲೆ! ಅದರಿಂದಲೇ ನನ್ನ ಹುಳ ಹಾಳಾಗಿದ್ದು. ಹೊಲಸು ಮುಂಡೇದೇ! ಆ ಮರ ಕಡಿಸದೆ ನಾನು ಬಿಡೋದಿಲ್ಲ!"

ಬೈರಮ್ಮ ಎಲೆಯ ರಾಶಿಯ ಮುಂದೆ ಕೂತಿದ್ದವಳು ತಲೆ ಎತ್ತಿ ನೋಡಿದಳು. ಬಾಯಲ್ಲಿ ರಸ ತುಂಬಿಕೊಂಡಿತ್ತು. ಆಚೀಚೆಯ ಮನೆಯವರು ಬಂದು ನಿಂತರು. ಅದೇ ಹೊತ್ತಿಗೆ ರೇಷ್ಮೆ ಮೇಷ್ಟ್ರು ಚನ್ನರಾಯಪ್ಪ ಸೈಕಲ್ ತಳ್ಳಿಕೊಂಡು ಬಂದರು. ತಿಂಗಳಿಗೊಂದು ಸಲ ಕೋಲಾರದಿಂದ ಊರೂರು ಸುತ್ತಿ, ಹುಳ ಸಾಕುವವರಿಗೆ ಬುದ್ಧಿ ಹೇಳುವುದು ಅವರ ಕೆಲಸ. ಅಕ್ಕಯಮ್ಮ ಅವರನ್ನೂ ಈವರೆಗೆ ಕೋಣೆಯೊಳಗೆ ಬಿಟ್ಟುಕೊಂಡವಳಲ್ಲ. ಇವತ್ತು ಗದ್ದಲ ಕೇಳಿ ಹಿತ್ತಿಲಿಂದ ಬಂದ ಮುನಿಕೃಷ್ಣಪ್ಪನೇ ಕರೆದು ತೋರಿಸಿದ.

ಮೇಷ್ಟ್ರು ಒಂದು ಹುಳವನ್ನು ಕಡ್ಡಿಯಲ್ಲಿ ಎತ್ತಿ ನೋಡಿದರು. "ಹಾಲುತೊಂಡೆ ರೋಗ" ಎಂದರು. ಆಮೇಲೆ ತೋಟಕ್ಕೆ ಬಂದು, ಬಗ್ಗಿ, ಬುಡದ ಮಣ್ಣನ್ನು ಕೆದಕಿದರು. "ಏನು ಗೊಬ್ಬರ ಹಾಕಿದ್ದೀಯಪ್ಪ?"

"ಬೈರಮ್ಮನ ತಿಪ್ಪೇದು ಸ್ವಾಮಿ. ಹೊಂಗೆ ಎಲೆ ಗೊಬ್ಬರ, ಶ್ರೇಷ್ಠ ಅಂತಾರೆ. ಸಂಕ್ರಾಂತಿ ಕಳೀತಿದ್ದಂಗೆ ಎರಡು ಗಾಡಿ ಹೊಡೆದೆ. ಬದಲಿಗೆ ಅವರ ಹೊಲ ಒಂದು ದಿನ ಉತ್ತುಕೊಟ್ಟೆ."

"ಹೊಂಗೆ ಎಲೆಯಿಂದ ಈ ರೋಗ ಬರೋದಿಲ್ಲ. ಕೋಳಿ ಹೇಲಿನಿಂದಲೂ ಬರೋದಿಲ್ಲ. ರೋಗದ ಹುಳದಿಂದ ಬರುತ್ತೆ. ಸತ್ತ ಹುಳ ಗೊಬ್ಬರಕ್ಕೆ ಸೇರಿದರೆ, ಆ ಮಣ್ಣು ಸೊಪ್ಪಿಗೆ ಅಂಟಿದರೆ, ಆ ಸೊಪ್ಪು ತಿಂದ ಹುಳಕ್ಕೆ ಮತ್ತೆ ಅದೇ. ಮಾರ್ಗಶಿರದಲ್ಲಿ ಸತ್ತ ಹುಳಾನ ಎಲ್ಲಿ ಹಾಕಿದ್ರಿ?"

ಮುನಿಕೃಷ್ಣಪ್ಪ ಹೆಂಡತಿಯ ಕಡೆ ನೋಡಿದ. ಅಕ್ಕಯಮ್ಮ ಮುಖ ತಿರುಗಿಸಿದಳು. ಗೋಡೆಯ ಆ ಕಡೆ ಬೈರಮ್ಮ ನಿಂತಿದ್ದಳು. ಅವಳ ಬೆರಳುಗಳಿಗೆ ಸುಣ್ಣ ಮೆತ್ತಿತ್ತು. ಎಲೆಯಡಿಕೆಯ ಸುಣ್ಣವಲ್ಲ, ಮೊಣಕೈವರೆಗೆ ಇತ್ತು. ಮರದ ಬುಡದಲ್ಲಿ ಒಂದು ಗುಂಡಿ, ಪಕ್ಕದಲ್ಲಿ ಒಡೆದ ಮಡಕೆಯ ತುಂಬ ಸುಣ್ಣ. ಇಷ್ಟು ದಿನ ಆ ಮುದುಕಿ ಎಲೆಯಲ್ಲಿ ಕೆದಕಿ ಹುಡುಕುತ್ತಿದ್ದದ್ದು ಏನೆಂದು ಅಕ್ಕಯಮ್ಮನಿಗೆ ಆಗ ಹೊಳೆಯಿತು. ಆ ಕೀವು ಸೋರುವ ಹುಳಗಳನ್ನು, ತಾನು ಮುಖ ತಿರುಗಿಸಿಕೊಂಡು ಎಸೆದದ್ದನ್ನು, ಇವಳು ಬರಿಗೈಯಲ್ಲಿ ಒಂದೊಂದೇ ಆರಿಸಿ, ಸುಣ್ಣ ಹಾಕಿ ಹೂತಿದ್ದಳು.

ಬೈರಮ್ಮ ಈಗಲೂ ಬಾಯಿ ಬಿಡಲಿಲ್ಲ.

"ಬಿಡಿ ಸ್ವಾಮಿ, ಎಲ್ಲಿ ಹಾಕಿದ್ರೇನು," ಎಂದ ಮುನಿಕೃಷ್ಣಪ್ಪ. "ಈ ಮಣ್ಣಿನ ದೋಷಾನೇ ಅಷ್ಟು. ಕಿತ್ತು ಹಾಕೋದೇ ಸರಿ." ಗುದ್ದಲಿ ಎತ್ತಿ ಮೊದಲನೇ ಸಾಲಿನ ಮೊದಲನೇ ಬುಡಕ್ಕೆ ಹಾಕಿದ. ಬೇರು ಕಿತ್ತು ಬಂದ ಸದ್ದು ಕೇಳಿತು. ತವರಿನಿಂದ ಒದ್ದೆ ಗೋಣಿಯಲ್ಲಿ ತಂದದ್ದು.

ಎರಡನೇ ಏಟಿಗೆ ಗುದ್ದಲಿ ಮೇಲೇಳುವಷ್ಟರಲ್ಲಿ ಅಕ್ಕಯಮ್ಮ ಕಾವು ಹಿಡಿದುಕೊಂಡಳು.

"ಮಣ್ಣಿನ ದೋಷ ಅಲ್ಲ. ನಂದು."

"ಏನೇ ಅಂದೆ?"

"ಸತ್ತ ಹುಳಾನೆಲ್ಲ ಎಲೆಯೊಳಗೆ ಮುಚ್ಚಿ ಗೋಡೆಯಾಚೆ ಸುರಿದೆ. ಆಗಲೂ ಸುರಿದೆ, ಈಗಲೂ ಸುರಿದೆ. ಅವಳ ತಿಪ್ಪೆಗೆ ಹೋಯ್ತು, ತಿಪ್ಪೆಯಿಂದ ನೀವೇ ತಂದು ಇಲ್ಲಿ ಹಾಕಿದ್ರಿ. ಕೀಳಬೇಡಿ. ಕಡ್ಡಿ ಏನು ತಪ್ಪು ಮಾಡೈತೆ? ಹೊಲಸು ಮಾಡಿದ್ದು ನಾನು."

ನೆರೆದವರ ನಡುವೆ ಯಾರೋ ಕಿಸಕ್ಕನೆ ನಕ್ಕರು. "ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದೋರ ಎಲೇಲಿ ನೊಣ ತೋರಿಸಿದ್ಲಂತೆ" ಎಂದಿತು ಒಂದು ಹೆಂಗಸಿನ ದನಿ. ಬೈರಮ್ಮನ ಮೇಲೆ ಅದೇ ಗಾದೆಯನ್ನು ಅಕ್ಕಯಮ್ಮ ಎಷ್ಟು ಸಲ ಎಸೆದಿದ್ದಳೋ! ಮುನಿಕೃಷ್ಣಪ್ಪ ಹೆಂಡತಿಯ ಕಾಲ ಬುಡದಲ್ಲಿ "ಥೂ!" ಎಂದು ಉಗುಳಿ, ಗುದ್ದಲಿಯನ್ನು ಅಲ್ಲೇ ಒಗೆದು ಹೋದ. ಆ ಉಗುಳನ್ನು ನೋಡಿ ಅವಳಿಗೆ ಅಸಹ್ಯವಾಗಲಿಲ್ಲ. ಅದಕ್ಕಿಂತ ಹೆಚ್ಚಿನ ಅಸಹ್ಯ ಅವಳ ಎರಡು ಕೈಗಳ ಮೇಲೆಯೇ ಅವಳಿಗಾಗಿತ್ತು.

ತಟ್ಟೆಯಲ್ಲಿದ್ದ ಹುಳವನ್ನೆಲ್ಲ ಅವತ್ತೇ ಊರಾಚೆ ಆಳವಾಗಿ ಹೂಳಿದರು. ಬುಡದ ಗೊಬ್ಬರ ಎತ್ತಿಸಿ, ಸುಣ್ಣ ಹಾಕಿ, ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟು, ಒಂದು ಬೆಳೆ ಬಿಟ್ಟು ಸಾಕಿದರೆ ತೋಟಕ್ಕೇನೂ ಆಗಿಲ್ಲ ಎಂದು ಮೇಷ್ಟ್ರು ಹೇಳಿಹೋದರು. ಕಿತ್ತ ಒಂದು ಬುಡವನ್ನು ಬಿಟ್ಟರೆ ಉಳಿದದ್ದೆಲ್ಲ ಉಳಿಯಿತು.

ಮಾರನೇ ಬೆಳಗ್ಗೆಯೂ ಮರ ಎಲೆ ಉದುರಿಸಿತ್ತು, ಮರಕ್ಕೇನು ಗೊತ್ತು? ಅಕ್ಕಯಮ್ಮ ಗುಡಿಸಿದಳು. ಮಂಕರಿ ತುಂಬಿದಳು. ಗೋಡೆಯವರೆಗೆ ಹೋದವಳು ನಿಂತು, ತಿರುಗಿ, ಬೀದಿಯ ಮೇಲೆ ಸುತ್ತಿಕೊಂಡು ಬೈರಮ್ಮನ ಬಾಗಿಲಿಗೆ ಹೋದಳು. ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಆ ಹೊಸಿಲು ತುಳಿದವಳಲ್ಲ. ಒಳಗಿನಿಂದ ಕೋಳಿಯ ನಾತ, ಹೊಗೆಸೊಪ್ಪಿನ ನಾತ ಒಟ್ಟಿಗೆ ಬಂದು ಮುಖಕ್ಕೆ ಬಡಿಯಿತು. ಸುಳ್ಳು ಹೇಳಬಾರದು, ಅವಳ ಹಳೆಯ ಅಸಹ್ಯ ಒಂದು ಎಳ್ಳಿನಷ್ಟೂ ಕಡಿಮೆಯಾಗಿರಲಿಲ್ಲ.

"ಅಕ್ಕಾ," ಎಂದು ಕರೆದಳು. ಹಾಗೆ ಕರೆದದ್ದೂ ಅದೇ ಮೊದಲು.

ಬೈರಮ್ಮ ಪಕ್ಕಕ್ಕೆ ಪಿಚಕ್ಕನೆ ಉಗಿದು ಎದ್ದು ಬಂದಳು.

"ಎಲೆ ತಂದೀನಿ. ತಿಪ್ಪೆಗೆ ಹಾಕ್ಲಾ?"

"ಇಳಿಸು."

"ನಿಂಗೆ ಮೊದಲಿಂದ ಗೊತ್ತಿತ್ತಲ್ಲ. ಒಂದು ಮಾತು ಹೇಳಬಾರದಾಗಿತ್ತಾ ಅಕ್ಕಾ? ತಪ್ಪೆಲ್ಲ ನಿನ್ನ ಮೇಲೇ ಹೊರಿಸ್ತಿದ್ದೆನಲ್ಲ."

"ಹುಳ ಕೆಟ್ಟದ್ದನ್ನ ಬಾಯಲ್ಲಿ ಆಡಬಾರದು ಅಂತ ನಿಮ್ಮಮ್ಮ ಒಬ್ಬಳೇ ಕಲಿಸಿದ್ಲಾ? ನಮ್ಮಮ್ಮನೂ ಕಲಿಸಿದ್ಲು. ಕಂಡಷ್ಟು ಆರಿಸಿ ಹೂತೆ. ವಯಸ್ಸಾದ ಕಣ್ಣು ಕಣಮ್ಮಾ, ಎಲ್ಲಾ ಎಲ್ಲಿ ಕಾಣ್ತವೆ?"

ಮಂಕರಿ ನೆಲಕ್ಕಿಳಿಯಿತು. ಬೈರಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡು ಕೈಯನ್ನೂ ಎಲೆಯೊಳಗೆ ಇಳಿಸಿ, ತಳದಿಂದ ಮೇಲಕ್ಕೆ ಕೆದಕಿ ಹುಡುಕತೊಡಗಿದಳು.

"ಇವತ್ತು ಏನೂ ಇಲ್ಲ ಅಕ್ಕಾ," ಎಂದಳು ಅಕ್ಕಯಮ್ಮ.

"ಗೊತ್ತು. ಬೇಜಾರು ಮಾಡ್ಕೋಬೇಡ. ನಿನ್ನ ಮಂಕರಿ ಕಂಡ್ರೆ ಕೈ ತಾನಾಗೇ ಹೋಗ್ತದೆ," ಎಂದಳು ಬೈರಮ್ಮ, ಕೈ ತೆಗೆಯದೆ.

ಅಕ್ಕಯಮ್ಮನೂ ಎದುರಿಗೆ ಕುಕ್ಕರಿಸಿದಳು. ಆ ಕೈಗಳು ಕೊನೆಯ ಎಲೆಯವರೆಗೂ ಹುಡುಕಿ ಮುಗಿಸುವ ತನಕ ಮಂಕರಿಯನ್ನು ಹಿಡಿದುಕೊಂಡೇ ಕೂತಿದ್ದಳು.