ಚೌಡಕ್ಕನ ನಾಬ್

ಹೇಳಲ್ಲ ಅಂದ್ರೆ ಹೇಳಲ್ಲ, ಏನ್ ಮಾಡ್ಕೊಂತೀಯೋ ಮಾಡ್ಕೊ ಹೋಗು — ನಿಂಗರಾಜ ಕೂಗುತ್ತಿದ್ದಾನೆ, ಕೆಳಗಿನ ಅಂಗಡಿಯವರು ಮೆಣಸಿನಕಾಯಿ ಚೀಲ ಬಿಚ್ಚಿದ್ದಾರೆ, ಘಾಟು ಮೆಟ್ಟಿಲು ಹತ್ತಿ ಬಂದು ಚೌಡೇಶ್ವರಿಯ ಮೂಗಿಗೆ ಅಡರಿದೆ, ಸೀನು ಬಂತು ಬಂತು ಎಂದು ಬಂದು ಮೂಗಿನ ತುದಿಯಲ್ಲೇ ನಿಂತಿದೆ, ಬೈಯುವ ಹೊತ್ತಿನಲ್ಲಿ ಸೀನಬಾರದು, ಸೀನಿದರೆ ಬೈದದ್ದೆಲ್ಲ ನೀರಾಗುತ್ತದೆ. ಒಡಹುಟ್ಟಿದ ತಮ್ಮ, ಮಂಡಿಪೇಟೆಯ ಈ ಮಹಡಿ ಕೋಣೆಯಲ್ಲಿ, ಸದ್ದು ತಿರುವುವ ಗುಂಡಿಯ, ಅವಳೇ ಕೂಡಿಸಿದ ನಾಬಿನ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು, ಅವಳಿಗೇ ಹೇಳಲ್ಲ ಎನ್ನುತ್ತಾನೆ. ಏನು ಕೇಳಿದಳು ಅವಳು, ಸಾರಥಿ ಊರಿನ ಹೊಲದಲ್ಲಿ ಪಾಲು ಕೇಳಿದಳೇ, ಇವತ್ತು ಸಂಜೆ ಹರಿಹರದ ಮೈದಾನದಲ್ಲಿ, ನಾಲ್ಕು ಸೌಂಡ್ ಸಿಸ್ಟಮ್ಮಿನವರು ಪೈಪೋಟಿಗೆ ಎದುರುಬದುರು ನಿಂತಾಗ, ಮೈಕಿನಲ್ಲಿ ಒಂದೇ ಒಂದು ಮಾತು, ಈ ನಾಬ್ ಮಾಡಿದ್ದು ನಮ್ಮಕ್ಕ ಎಂದು. ಜನ ನಗ್ತಾರಕ್ಕ. ಯಾಕ ನಗ್ತಾರೆ, ನನ್ ತಲೆ ಮೇಲೇನು ಕೋಡು ಬಂದಾವಾ? ಹಂಗಲ್ಲ, ಜನಕ್ಕೆ ಒಂದು ಮುಖ ಬೇಕಕ್ಕ, ನನ್ ಮುಖ ನೋಡಿ ಕರೀತಾರೆ, ನೀ ಏಳನೇ ಕ್ಲಾಸು ಓದಿದಾಕಿ ಕಂಪ್ಯೂಟರ್‌ನಾಗೆ ಇದನ್ನ ಮಾಡೀಯ ಅಂದ್ರೆ ಯಾರ್ ನಂಬ್ತಾರೆ ಹೇಳು. ಲೇ, ನೀನ್ಯಾವ ಕಾಲೇಜು ಕಟ್ಟೆ ಹತ್ತೀದಿ, ಒಂಬತ್ತನೇ ಕ್ಲಾಸಿಗೆ ಚೀಲ ಬಾವಿಗೆ ಎಸೆದು ಓಡಿಬಂದೋನು! ಆಗ ಅವನು ನಕ್ಕ. ಅದೇ ನಗು. ಮೊಬೈಲಿನಲ್ಲಿ ಊರೆಲ್ಲ ನೋಡಿದ ವಿಡಿಯೋದಲ್ಲೂ ಇದೇ ನಗು ನಕ್ಕಿದ್ದ, ಒಂದೇ ರಾತ್ರೀಲಿ ಹೊಳೀತು ಬ್ರದರ್, ಒಂದು ನಾಬ್ ತಿರುವಿದ್ರೆ ಇಡೀ ಮೈದಾನ ಎದ್ದು ಕುಣೀಬೇಕು ಅಂತ ಮಾಡ್ದೆ ಅಂದ, ಮನೆಯವರು ಯಾರಾದ್ರೂ ಜೊತೆಗೆ ಇದಾರಾ ಎಂದು ಕೇಳಿದವನಿಗೆ, ಅಕ್ಕ ಇದಾಳೆ, ವೈರ್ ಸುತ್ತಿ ಕೊಡ್ತಾಳೆ, ಅಂದ. ವೈರ್ ಸುತ್ತಿ ಕೊಡ್ತಾಳೆ. ಆ ವಿಡಿಯೋ ನೋಡಿದ ದಿನ ಅವಳು ರೊಟ್ಟಿ ಬಡಿಯುತ್ತಿದ್ದಳು, ಹಿಟ್ಟು ಕೈಗೆ ಅಂಟಿದ್ದು ಹಾಗೇ ಒಣಗಿತು, ಹೆಂಚು ಹೊಗೆಯಾಡಿತು, ಅವಳು ಇನ್ನೊಂದು ಸಲ ನೋಡಿದಳು, ಮತ್ತೊಂದು ಸಲ ನೋಡಿದಳು.

ಸುತ್ತಿದ್ದಾಳೆ, ಇಲ್ಲ ಎಂದವರು ಯಾರು, ಗುತ್ತೂರಿನ ಕಡೆ ಒಂದು ಶೆಡ್ಡಿನಲ್ಲಿ ಸ್ಪೀಕರಿನ ಕಾಯಿಲ್ ಸುತ್ತುವ ಕೆಲಸಕ್ಕೆ ಸೇರಿದಾಗ ಅವಳಿಗೆ ಮೀಸೆ ಬಾರದ ತಮ್ಮನ ಹೊಟ್ಟೆ ತುಂಬಿಸಬೇಕಿತ್ತು, ಕೂದಲಿನಂಥ ತಂತಿ, ಒಂದು ಸುತ್ತು ಇನ್ನೊಂದರ ಮೇಲೆ ಏರಿದರೆ ಸ್ಪೀಕರ್ ಕೆಮ್ಮುತ್ತದೆ, ಕೆಮ್ಮುವ ಸ್ಪೀಕರನ್ನು ಕಿವಿಯಲ್ಲೇ ಹಿಡಿಯುತ್ತಿದ್ದಳು, ಆ ಕಿವಿಯೇ ಅಲ್ಲವೇ ಆಮೇಲೆ ಕಂಪ್ಯೂಟರಿನ ಮುಂದೆ ಕೂತದ್ದು. ಡ್ರಮ್ ಅಂಡ್ ಬೇಸ್ ಎಂಬ ಈ ಕುಣಿಸುವ ಸಂಗೀತವೆಂದರೆ ಏನು ಎಂದು ಇವನಿಗೆ ಹೇಳಿಕೊಟ್ಟವಳು ಅವಳು, ಡ್ರಮ್ ಓಡ್ತೈತೆ, ಬೇಸು ನಡೀತೈತೆ, ಓಡೋದರ ಕೆಳಗೆ ನಡೆಯೋದು ಇದ್ರೇನೇ ಮೈ ಕುಣಿಯೋದು ಕಣಾ. ಆದರೆ ಕುಣಿಸುವುದಕ್ಕೆ ಮೊದಲು ಜನರನ್ನು ಕಾಯಿಸಬೇಕು, ಬೇಸನ್ನು ಮೆಲ್ಲಗೆ ತೆಗೆಯಬೇಕು, ಪರದೆ ಎಳೆದ ಹಾಗೆ ಮುಚ್ಚಿದ್ದ ಸದ್ದನ್ನು ಬಿಚ್ಚುತ್ತ ಹೋಗಬೇಕು, ಡ್ರಮ್ಮಿಗೆ ಒರಟು ಬೆರೆಸಬೇಕು, ಒರಟು ಏರಿದಷ್ಟೂ ವಾಲ್ಯೂಮನ್ನು ಚೂರು ಇಳಿಸಬೇಕು, ಇಲ್ಲದಿದ್ದರೆ ಕಿವಿ ಮೋಸ ಹೋಗುತ್ತದೆ, ಜೋರಾದದ್ದೇ ಚೆಂದವೆನಿಸುತ್ತದೆ, ಕೊನೆಗೆ ಎಲ್ಲವನ್ನೂ ಒಮ್ಮೆಲೇ ಬಿಟ್ಟು ತೆಗೆದಿಟ್ಟ ಬೇಸನ್ನು ದಬಾರನೆ ಕೆಡವಬೇಕು. ಇಂಥವು ಒಟ್ಟು ಎಂಟು ಕೆಲಸ. ಇವನಿಗೆ ಇರುವುದು ಒಂದು ಕೈ, ಇನ್ನೊಂದು ಕೈಯಲ್ಲಿ ಮೈಕ್, ಮೈಕ್ ಬಿಟ್ಟರೆ ಇವನು ನಿಂಗರಾಜನೇ ಅಲ್ಲ. ಅದಕ್ಕೇ ಅವಳು ಎಂಟನ್ನೂ ಒಂದೇ ನಾಬಿಗೆ ಕಟ್ಟಿದಳು, ಮ್ಯಾಕ್ರೊ ಎನ್ನುತ್ತಾರೆ ಅದಕ್ಕೆ, ಕಟ್ಟುವುದು ದೊಡ್ಡದಲ್ಲ, ಯಾರು ಬೇಕಾದರೂ ಕಟ್ಟುತ್ತಾರೆ, ಎಲ್ಲಿಂದ ಎಲ್ಲಿಯವರೆಗೆ ಎಂದು ಒಂದೊಂದಕ್ಕೂ ಗಡಿ ಹಾಕುವುದಿದೆಯಲ್ಲ, ಯಾವುದು ಮೊದಲು ಏಳಬೇಕು, ಯಾವುದು ಮಲಗಿಯೇ ಇದ್ದು ಕಡೆಗೆ ಕಣ್ಣು ಬಿಡಬೇಕು, ಯಾವುದು ತಿರುಗಾಮುರುಗಾ ಹೋಗಬೇಕು, ಅದರಲ್ಲಿ ಇರುವುದು ಕೆಲಸ. ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಇವನಿಗೆ ಒಂದೇ ರಾತ್ರಿಯಲ್ಲಿ ಹೊಳೆಯಿತಂತೆ.

ಮತ್ತೆ ಅವನ ಆ ಮಣಿಕಟ್ಟು. ಅದನ್ನು ಯಾರಿಗೆ ಹೇಳುವುದು, ಹೇಳಕೂಡದು ಎಂದು ಅವನೇ ಆಣೆ ಹಾಕಿಸಿಕೊಂಡಿದ್ದಾನೆ. ಅವನಿಗಿನ್ನೂ ಹೆಂಡತಿ ಬಂದಿರಲಿಲ್ಲ, ಯಾರದೋ ಮದುವೆಯಲ್ಲಿ ಬೇಸ್ ಪೆಟ್ಟಿಗೆ ಜಾರಿ ಅವನ ಬಲಗೈ ಮೇಲೆ ಬಿತ್ತು, ಆಸ್ಪತ್ರೆಗೆ ಹೋಗೋಣ ಎಂದರೆ ಬ್ಯಾಡ ಬ್ಯಾಡ, ಪ್ಲಾಸ್ಟರ್ ಹಾಕಿ ಕೂರಿಸ್ತಾರೆ, ಸೀಜನ್ ಐತೆ ಎಂದು ಮೂಳೆ ಕಟ್ಟುವ ಅಜ್ಜನ ಹತ್ತಿರ ಹೋಗಿ ಬಿದಿರಿನ ಪಟ್ಟಿ, ಮೊಟ್ಟೆಯ ಲೇಪ ಹಾಕಿಸಿಕೊಂಡ, ನಾಲ್ಕು ದಿನ ಕಳೆಯುವಷ್ಟರಲ್ಲಿ ಪಟ್ಟಿ ಬಿಚ್ಚಿ ಪೆಟ್ಟಿಗೆ ಎತ್ತಿದ, ಮೂಳೆ ಕೂಡಿತು, ಸೊಟ್ಟಗೆ ಕೂಡಿತು. ನೋಡಿದರೆ ಏನೂ ಕಾಣುವುದಿಲ್ಲ. ತಿರುವಿದರೆ ಗೊತ್ತಾಗುತ್ತದೆ, ಗಡಿಯಾರದ ಮುಳ್ಳಿನ ಹಾಗೆ ಏಳರಿಂದ ಹೊರಟು ಐದರವರೆಗೆ ಹೋಗುವ ನಾಬ್ ಇವನ ಕೈಗೆ ಎರಡರ ಹತ್ತಿರ ನಿಂತುಬಿಡುತ್ತದೆ, ನಡುವೆ ಬಿಟ್ಟು ಮತ್ತೆ ಹಿಡಿಯುವಂತಿಲ್ಲ, ಬಿಟ್ಟರೆ ನಾಬ್ ತಾನೇ ಏಳಕ್ಕೆ ಓಡುತ್ತದೆ, ಮಣಿಕಟ್ಟು ತಿರುಗುತ್ತದೆ, ತಿರುಗುತ್ತದೆ, ನಿಲ್ಲುತ್ತದೆ, ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದ ಹಾಗೆ. ಮೊದಲ ದಿನ ನಾಬ್ ಹಿಡಿದು ಅವಳತ್ತ ನೋಡಿದ್ದ, ಅಕ್ಕಾ ಆಗ್ತಿಲ್ಲ, ಎಂದಿದ್ದ, ಎಳೆಯ ಹುಡುಗನಂತೆ ಕಣ್ಣು ತುಂಬಿದ್ದವು. ಆಗತೈತೆ ಬಿಡು ಎಂದು ಅವಳು ಎಂಟೂ ಗಡಿಗಳನ್ನು ಹಿಂದಕ್ಕೆ ಜರುಗಿಸಿದಳು, ಬೇಸ್ ಬೀಳುವ ಜಾಗ ಎರಡಕ್ಕೆ ಬಂತು, ಎರಡರಿಂದ ಐದರವರೆಗೆ ಖಾಲಿ, ಅಲ್ಲಿ ಏನೂ ಇಲ್ಲ, ಅದು ಅವನ ಕೈ ಹೋಗದ ಜಾಗ. ಆ ಅಳತೆ, ಮೈಗೆ ಹೊಲಿದ ಅಂಗಿಯಂತೆ, ಅವನಿಗೊಬ್ಬನಿಗೇ ಆಗುವುದು. ಅಂಥದ್ದನ್ನು ತೊಟ್ಟುಕೊಂಡು ತಿರುಗುತ್ತ, ವೈರ್ ಸುತ್ತಿ ಕೊಡ್ತಾಳೆ.

ಪೆಟ್ಟಿಗೆಗಳನ್ನು ಗಾಡಿಗೆ ಏರಿಸಲು ಅವನು ಧಡಧಡ ಇಳಿದು ಹೋದ, ಕಂಪ್ಯೂಟರ್ ಮೇಜಿನ ಮೇಲೆ ತೆರೆದೇ ಇತ್ತು, ಸೀನು ಈಗ ಬಂತು, ಸೀನಿ ಸೆರಗಿನಿಂದ ಮೂಗು ಒರೆಸಿಕೊಂಡು ಅವಳು ಕೂತಳು. ಕೆಡಿಸಬಹುದಿತ್ತು, ಎಲ್ಲವನ್ನೂ ಅಳಿಸಬಹುದಿತ್ತು, ಸ್ಪೀಕರ್ ಸುಡುವ ಹಾಗೆ ಮಾಡಬಹುದಿತ್ತು, ಅದು ದಂಡ, ಅದರಿಂದ ಅವಳ ಹೊಟ್ಟೆ ತಣ್ಣಗಾಗುವುದಿಲ್ಲ. ಏನೂ ಕೆಡಿಸಲಿಲ್ಲ. ಗಡಿಗಳನ್ನು ಸರಿ ಮಾಡಿದಳು ಅಷ್ಟೇ, ಎಲ್ಲರ ಕೈಗೂ ಆಗುವ ಹಾಗೆ, ಪೂರ್ತಿ ನಾಬಿನ ಉದ್ದಕ್ಕೂ ಹರಡಿದಳು, ಬೇಸ್ ಬೀಳುವ ಜಾಗವನ್ನು ಎರಡರಿಂದ ಎತ್ತಿ ಐದಕ್ಕೆ ಇಟ್ಟಳು. ಮೈಕ್ ಕೆಳಗಿಡಲಿ. ಅಷ್ಟೇ ಅವಳಿಗೆ ಬೇಕಾದದ್ದು, ಮೈಕ್ ಕೆಳಗಿಟ್ಟು ಎಡಗೈಯಲ್ಲಿ ತಿರುವಲಿ, ಇಲ್ಲವೇ ಅಕ್ಕಾ ಬಾ ಎಂದು ಎಲ್ಲರ ಎದುರು ಕರೆಯಲಿ, ಆಗ ಅವಳು ಹತ್ತುತ್ತಾಳೆ, ಅವಸರವಿಲ್ಲದೆ ಹತ್ತುತ್ತಾಳೆ. ಅವನು ನಾಬನ್ನು ಪರೀಕ್ಷೆ ಮಾಡುವುದಿಲ್ಲ, ಎಂದೂ ಮಾಡಿದವನಲ್ಲ, ಅದು ಅಕ್ಕನ ಕೆಲಸ. ಗಾಡಿಯಲ್ಲಿ ಇಬ್ಬರೂ ಮಾತಾಡಲಿಲ್ಲ, ಹರಿಹರ ಬರುವವರೆಗೂ ಅವನು ಕಿಟಕಿಯಾಚೆ ನೋಡಿದ, ಅವಳು ಅವನ ಬಲಗೈ ನೋಡಿದಳು, ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಏನೂ ಅರಿಯದ ಕೈ.

ಮೈದಾನದಲ್ಲಿ ಖಾಜಾ ಹುಸೇನ್, ಪಕ್ಕದ ಸೌಂಡಿನ ಮಾಲೀಕ, ಒಳ್ಳೆಯವನೇ, ಚಹದ ಲೋಟ ಹಿಡಿದು ಬಂದು, ಚೌಡಕ್ಕಾ, ನಿಮ್ ತಮ್ಮನ ಆ ನಾಬ್ ಐತಲ್ರಿ, ಲಾಜವಾಬ್, ನಮಗೂ ಒಂದು ಮಾಡಿಕೊಡೋಕೆ ನೀವೇ ಒಂದು ಮಾತು ಹೇಳ್ರಿ ನಿಂಗರಾಜಗೆ, ನಿಮ್ ಮಾತು ತೆಗೆದಾಕಲ್ಲ ಅವ, ಅಂದ. ಹೇಳ್ತೀನಿ ತಗಳ್ರಿ, ಇವತ್ತು ಸಂಜೀಗೇ ಹೇಳ್ತೀನಿ, ಅಂದಳು ಅವಳು, ಚಹ ಕಷಾಯದಂತಿತ್ತು, ಗಟಗಟ ಕುಡಿದಳು. ಬಿಸಿಲು ವಾಲಿತು, ಹೊಳೆಯ ಕಡೆಯಿಂದ ಗಾಳಿ ಬಿಟ್ಟಿತು, ಮೂವರ ಸರದಿ ಮುಗಿದು ಇವರದು ಬಂತು. ಅವನು ಗಾಡಿಯ ಮೇಲೆ ನಿಂತ, ಅವಳು ಗಾಡಿಯ ಬದಿಯಲ್ಲಿ ಕೈಗೆ ವೈರ್ ಸುತ್ತಿಕೊಂಡು ನಿಂತಳು, ಮನಸ್ಸಿನೊಳಗೆ ಒಂದು ಮೂಲೆಯಲ್ಲಿ ಇನ್ನೂ ಇತ್ತು, ಅವನು ಹೇಳಿಬಿಟ್ಟರೆ, ಈಗ ಹೇಳಿಬಿಟ್ಟರೆ, ಎರಡು ಹೆಜ್ಜೆ ಹತ್ತಿ ಗಡಿ ಸರಿಸಿಬಿಡುತ್ತೇನೆ. ಏನ್ರಪ್ಪಾ ಹರಿಹರದೋರೇ, ಮುದ್ದೆ ಉಂಡು ಬಂದೀರೋ ಇಲ್ಲೋ, ಎಂದು ಅವನು ಮೈಕಿನಲ್ಲಿ ಕೂಗಿದ, ಜನ ಹೋ ಎಂದರು, ಅವನು ಕೆಳಗೆ ಬಗ್ಗಿ ಅವಳನ್ನು ನೋಡಿದ, ಬೆಳಗಿನ ಜಗಳ ಕಣ್ಣಲ್ಲಿ ಆರಿರಲಿಲ್ಲ, ಅಕ್ಕಾ, ವೈರ್ ಸುತ್ತಿದ್ದಾತಾ, ಶುರು ಮಾಡ್ಲಾ? ಮೈದಾನ ನಕ್ಕಿತು. ಮೂಲೆಯಲ್ಲಿ ಇದ್ದದ್ದು ಸತ್ತಿತು. ಮಾಡಪ್ಪಾ, ಮಾಡು, ಅಂದಳು.

ಡ್ರಮ್ ಓಡಿತು, ಬೇಸ್ ನಡೆಯಿತು, ಧೂಳು ಎದ್ದಿತು, ಎಷ್ಟು ಚೆನ್ನಾಗಿದೆ, ಅವಳದೇ ಸದ್ದು, ಎರಡು ಸ್ವರಗಳನ್ನು ಕೂದಲೆಳೆಯಷ್ಟು ತಪ್ಪಿಸಿ ಒಟ್ಟಿಗಿಟ್ಟು ಅವಳು ಹದ ಮಾಡಿದ ಗುಟುರು, ಪಕ್ಕೆಲುಬಿನೊಳಗೆ ನುಗ್ಗುತ್ತದೆ, ಅವನು ಎಡಗೈಯ ಮೈಕನ್ನು ಆಕಾಶಕ್ಕೆ ಎತ್ತಿದ, ಕೈ ಎತ್ರಿ ಎಲ್ಲಾರು, ಎತ್ತಿದರು, ಬಲಗೈ ನಾಬಿಗೆ ಹೋಯಿತು. ಬೇಸ್ ಕರಗಿತು, ಸದ್ದು ಬಿಚ್ಚಿಕೊಳ್ಳುತ್ತ ಹೋಯಿತು, ಮಣಿಕಟ್ಟು ತಿರುಗಿತು, ತಿರುಗಿತು, ಎರಡರ ಹತ್ತಿರ ಬಂದು ನಿಂತಿತು. ಬೇಸ್ ಬೀಳಲಿಲ್ಲ. ಡ್ರಮ್ ಉರುಳುತ್ತಲೇ ಇದೆ, ಎತ್ತಿದ ಕೈಗಳು ಎತ್ತಿದಂತೆಯೇ ಇವೆ, ಅವನು ಇನ್ನೊಮ್ಮೆ ಒತ್ತಿದ, ಮೊಣಕೈ ಎತ್ತಿದ, ಭುಜ ಎತ್ತಿದ, ಇಡೀ ಮೈಯನ್ನೇ ಒಂದು ಕಡೆಗೆ ತಿರುಚಿದ, ಕೈ ಮಾತ್ರ ಅಲ್ಲೇ, ಯಾರೋ ಸಿಳ್ಳೆ ಹಾಕಿದರು, ಯಾರೋ ನಕ್ಕರು, ಅಣ್ಣಾ ಕೀಲಿಗೆ ಎಣ್ಣೆ ಬಿಡ್ರೋ ಎಂದು ಹಿಂದಿನಿಂದ ಒಬ್ಬ ಕೂಗಿದ, ಮುಂದಿನ ಸಾಲಿನವನೊಬ್ಬ ತನ್ನ ಕೈಯನ್ನು ಸೊಟ್ಟ ಮಾಡಿ ಆಡಿಸಿದ, ಅವನ ಪಕ್ಕದವರು ಬಿದ್ದು ಬಿದ್ದು ನಕ್ಕರು. ಮೈಕ್ ಕೆಳಗಿಡೋ, ಎಡಗೈ ಐತಲ್ಲೋ, ಕರಿಯೋ ನನ್ನ, ಅವಳು ಒಳಗೇ ಕೂಗಿದಳು. ಅವನು ಕಂಪ್ಯೂಟರ್ ನೋಡಲಿಲ್ಲ, ವೈರ್ ನೋಡಲಿಲ್ಲ, ಏನು ಕೆಟ್ಟಿದೆ ಎಂದು ಹುಡುಕಲಿಲ್ಲ, ನೇರ ಅವಳನ್ನು ನೋಡಿದ. ಗೊತ್ತಾಯಿತು ಅವನಿಗೆ. ಗಾಡಿಯಿಂದ ಇಳಿದ, ನಿಧಾನವಾಗಿ ಇಳಿದ, ಮೈಕನ್ನು ಅವಳ ಕೈಯಲ್ಲಿದ್ದ ವೈರಿನ ಸುತ್ತಿನ ಮೇಲೆ ಇಟ್ಟ. ತಗ, ನೀನೇ ಹೇಳು. ಬಲಗೈಯನ್ನು ಪ್ಯಾಂಟಿನ ಜೇಬಿನೊಳಗೆ ತುರುಕಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ನಡೆದ, ಬೆನ್ನು ಸ್ವಲ್ಪ ಹೊತ್ತು ಕಾಣಿಸಿತು, ಆಮೇಲೆ ಕಾಣಿಸಲಿಲ್ಲ.

ಅವಳು ಹತ್ತಿದಳು. ಹತ್ತಬಾರದೇನು, ಯಾಕೆ ಹತ್ತಬಾರದು, ಅವಳ ನಾಬ್, ಅವಳ ಬೇಸ್, ಹಿಡಿದು ಐದರವರೆಗೆ ತಿರುವಿದಳು, ಬೆಣ್ಣೆಯಂತೆ ತಿರುಗಿತು, ಬೇಸ್ ಬಿತ್ತು, ಮೈದಾನ ನೆಲ ಬಿಟ್ಟು ಎದ್ದಿತು, ಗಾಡಿ ಅಲುಗಿತು, ಖಾಜಾ ಹುಸೇನ್ ತಲೆಯ ಮೇಲೆ ಕೈಯಿಟ್ಟು, ಯಾ ಅಲ್ಲಾ, ಇವ್ರದೇನ್ರಿ ಇದು, ಎಂದು ಅರಚಿದ. ಗೆದ್ದಳು. ಈಗ ಊರಿಗೆಲ್ಲ ಗೊತ್ತು, ಚೌಡಕ್ಕನ ನಾಬ್ ಎನ್ನುತ್ತಾರೆ, ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೂರುತ್ತಾರೆ, ಚಿತ್ರದುರ್ಗದವರು ಬಂದರು, ರಾಣೆಬೆನ್ನೂರಿನವರು ಬಂದರು. ಅವನು ಬರಲಿಲ್ಲ. ಅವನ ಹೆಂಡತಿ ಸ್ವಾತಿ ಫೋನ್ ಮಾಡಿದಳು, ಅಕ್ಕಾ, ಹುಬ್ಬಳ್ಳಿ ಕಡೆ ಯಾವುದೋ ಗೋಡೌನಿನಾಗೆ ಕೆಲಸಕ್ಕೆ ಸೇರಿದಾರಂತೆ, ನನ್ನೂ ಬಾ ಅಂದಾರೆ, ನಾಳೆ ಹೊಂಟೀನಿ. ನನ್ ಬಗ್ಗೆ ಏನಾದ್ರೂ ಕೇಳಿದ್ನಾ? ಸ್ವಾತಿ ಮಾತು ತಿರುಗಿಸಿ, ಅಕ್ಕಾ, ಆ ದಿನ ಅವ್ರ ಕೈಗೆ ಏನಾಗಿತ್ತು, ನಾ ಕೇಳಿದ್ರೆ ಹೇಳವಲ್ರು, ಅಂದಳು. ಹೆಂಡತಿಗೂ ಹೇಳಿರಲಿಲ್ಲ. ಹಂಗಾದರೆ ಹೋಗಲಿ, ಹೋಗಲಿ ಬಿಡು, ಅಕ್ಕನನ್ನು ವೈರ್ ಸುತ್ತುವವಳು ಎಂದವನು ಹೋಗಲಿ, ಅವಳೇನು ಕೆಡಿಸಲಿಲ್ಲ, ಗಡಿ ಸರಿ ಮಾಡಿದಳು ಅಷ್ಟೇ, ಎಲ್ಲರ ಕೈಗೂ ಆಗುವ ಹಾಗೆ, ಇವತ್ತು ಖಾಜಾನ ನಾಬ್ ಕಟ್ಟಬೇಕು, ಅವನ ಕೈ ನೆಟ್ಟಗಿದೆ, ಏಳರಿಂದ ಐದು, ಮೊದಲು ಬೇಸ್ ತೆಗೆ, ಆಮೇಲೆ ಒರಟು, ಒರಟಿನ ಜೊತೆ ವಾಲ್ಯೂಮ್ ಇಳಿಸು, ಬೇಸ್ ಬೀಳುವುದನ್ನು ಐದಕ್ಕೆ ಇಡು, ಇಡು, ಬೆರಳು ಯಾಕೆ ಎರಡಕ್ಕೆ ಹೋಗುತ್ತದೆ, ಅಳಿಸಿದಳು, ಐದು, ಬರಲಿ ಅವನು, ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತೇನೆ, ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳುತ್ತೇನೆ, ಕೊರಳ ಪಟ್ಟಿ ಹಿಡಿದು ಕೇಳುತ್ತೇನೆ, ಆ ಕೈ ಹಿಡಿದು — ಆ ಕೈ, ತಿರುಗುತ್ತದೆ, ತಿರುಗುತ್ತದೆ, ಎಲ್ಲರೂ ನೋಡುತ್ತಿದ್ದಾರೆ, ನಿಲ್ಲುತ್ತದೆ, ಕೇಳುತ್ತೇನೆ, ಬರಲಿ, ಆ ಮಣಿಕಟ್ಟು, ತಿರುಗುತ್ತದೆ, ನಿಲ್ಲುತ್ತದೆ, ಆ ಮಣಿಕಟ್ಟು