ಹಾಡು ನಾಲ್ಕು ಸಲ ಯಾಕೆ ನಿಂತಿತು?

ಹೊಲಿಗೆ ಯಂತ್ರದ ಎಣ್ಣೆ, ಇಸ್ತ್ರಿಪೆಟ್ಟಿಗೆಯಡಿ ಬಿಸಿಯಾದ ಬಟ್ಟೆ. ಟೈಲರಕ್ಕನಿಗೆ ಬಾಲ್ಯವೆಂದರೆ ಅದೇ ವಾಸನೆ. ಅಪ್ಪ ಸಂಜೆ ಅಂಗಡಿ ಗುಡಿಸಿ ಚಿಂದಿ, ದಾರ, ಮುರಿದ ಸೂಜಿ ಎಲ್ಲವನ್ನೂ ಒಂದೇ ಕಸದ ಚೀಲಕ್ಕೆ ತುಂಬುತ್ತಿದ್ದ. ಅಕ್ಕನೂ ಹಾಗೇ ಮಾಡಿಕೊಂಡು ಬಂದಿದ್ದಳು.

ಆ ದಿನ ಅಂಗಡಿ ಮುಂದೆ ಜನ ಸೇರಿದ್ದರು. ದಿನಾ ಬೀದಿಯ ಕಸ ಒಯ್ಯುವ, ಎಲ್ಲರೂ ತಂಗಿ ಎಂದೇ ಕರೆಯುವ ಹೆಂಗಸು ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ಹಾಡುತ್ತಿದ್ದಳು. ಅವಳ ಗಂಡ ತಗಡಿನ ಡಬ್ಬ ಬಾರಿಸುತ್ತಿದ್ದ. ಆಟಕ್ಕೆಂದೇ ತುಂಬಿಟ್ಟ ಚೀಲದಿಂದ ಅವಳ ಎಡಗೈ ಬಾಟಲಿ ತೆಗೆಯಿತು, ಹರಿದ ಚಪ್ಪಲಿ ತೆಗೆಯಿತು. ಆಮೇಲೆ ಕೈ ಥಟ್ಟನೆ ನಿಂತಿತು. ಹಾಡೂ ನಿಂತಿತು, ಡಬ್ಬವೂ ನಿಂತಿತು.

“ಮರೆತುಬಿಟ್ಲಾ?” ಟೈಲರಕ್ಕ ತಬ್ಬಿಬ್ಬಾಗಿ ಅಂಗಡಿಯೊಳಗಿದ್ದ ತನ್ನ ಗಂಡನನ್ನು ಕೇಳಿದಳು.

“ಮನೇಲಿ ಜಗಳ ಆಗಿರಬೇಕು. ಅವಳ ಗಂಡ ತಾಳ ಕೊಡ್ತಿಲ್ಲ,” ಎಂದು ಅವನು ಇಸ್ತ್ರಿ ಒತ್ತುತ್ತಲೇ ನಕ್ಕ.

ನಾಲ್ಕು ಸಲ ಹೀಗೇ ಆಯಿತು. ಕೆಲವರು ಮುಖ ಮುಖ ನೋಡಿಕೊಂಡು ಹೊರಟೇಹೋದರು.

ಮುಗಿದ ಮೇಲೆ ಅಕ್ಕ ಹತ್ತಿರ ಹೋದಳು. “ಏನೇ ತಂಗಿ, ಇದು ಹಾಡೋ ನಾಟಕಾನೋ? ತಲೆಬುಡ ತಿಳೀಲಿಲ್ಲ.”

“ಕಸ ಬೇರೆ ಮಾಡುವಾಗ ಕೈಗೆ ಎಲ್ಲಿ ಚುಚ್ಚತ್ತೋ ಅಲ್ಲೆಲ್ಲ ನಿಲ್ಲಿಸಿದೆ ಅಕ್ಕಾ. ಈ ಬೀದಿ ಒಂದರ ಕಸದಲ್ಲೇ ನಾಲ್ಕು ಸಲ ಚುಚ್ಚಿದೆ.”

“ಬಲಗೈಗೇನಾಯ್ತು?”

“ಮುರಿದ ಸೂಜಿ. ಕೀವಾಗಿದೆ. ಎರಡು ದಿನದಲ್ಲಿ ಇಳೀದಿದ್ರೆ ಬೆರಳು ತೆಗೀಬೇಕು ಅಂದ್ರು ಡಾಕ್ಟರು.”

ಅಕ್ಕ ತಿರುಗಿ ಅಂಗಡಿ ಮೂಲೆಯ ಚಿಂದಿ ಚೀಲ ನೋಡಿದಳು. “ನಂದೇನೇ ಆ ಸೂಜಿ?”

“ಸೂಜಿ ಮೇಲೆ ಹೆಸರು ಬರೆದಿರತ್ತಾ ಅಕ್ಕಾ?”

ಹೌದೋ ಅಲ್ಲವೋ, ಅಕ್ಕನಿಗೆ ತಿಳಿಯಲಿಲ್ಲ. “ಹಾಗಾದ್ರೆ ಒಂದೊಂದು ಸೂಜಿಗೂ ಒಂದೊಂದು ಚೀಲ ಕಟ್ಲಾ? ಪುರುಸೊತ್ತೆಲ್ಲಿದೆ ನನಗೆ?”

“ಮುಚ್ಚಳ ಇರೋ ಒಂದು ಡಬ್ಬಿ ಸಾಕು. ತುಂಬಿದಾಗ ಟೇಪು ಸುತ್ತಿ ನನ್ನ ಕೈಗೇ ಕೊಡು.”

ಅಂದೇ ಅಕ್ಕ ಗುಂಡಿಗಳ ಡಬ್ಬಿ ಖಾಲಿ ಮಾಡಿದಳು. ನಕ್ಕಿದ್ದ ಗಂಡನೇ ಅದರ ಮೇಲೆ ದಪ್ಪಕ್ಷರದಲ್ಲಿ ‘ಚುಚ್ಚುತ್ತದೆ’ ಎಂದು ಬರೆದ.

ನಿಮ್ಮ ಮನೆಯಲ್ಲೂ ಬ್ಲೇಡು, ಸೂಜಿ ಇರುತ್ತವೆ, ಗಾಜು ಒಡೆಯುತ್ತದೆ. ಇವತ್ತೇ ಒಂದು ಗಟ್ಟಿ ಡಬ್ಬಿ ತೆಗೆದಿಡಿ. ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಬೇರೆಯಾಗಿಯೇ ಕೊಡಿ. ನೀವು ಕಟ್ಟಿದ ಚೀಲದೊಳಗೆ ಯಾರದೋ ಕೈ ಇಳಿಯುತ್ತದೆ.

ತಂಗಿಯ ಬೆರಳು ಉಳಿಯಿತು. ಆ ಸುದ್ದಿ ಬಂದ ಮಧ್ಯಾಹ್ನ ಟೈಲರಕ್ಕ ಅವಳ ಮನೆ ಬಾಗಿಲಲ್ಲಿ ನಿಂತಿದ್ದಳು. ಒಂದೇ ಕೈಯಲ್ಲಿ ತೆಗೆಯುವಂತಾಗಲಿ ಎಂದು ಊಟದ ಡಬ್ಬಿಯ ಮುಚ್ಚಳ ಸಡಿಲಿಸಿ, ಚಮಚ ಇಟ್ಟು, ಅವಳ ಎಡಗೈಗೆ ಕೊಟ್ಟಳು.